ಸ್ಥಿರಾಸ್ತಿ ಮೌಲ್ಯಮಾಪಕರ ವೃತ್ತಿ ದುರ್ನಡತೆ: ಶಿಸ್ತು ಕ್ರಮ, ದಂಡನೆ ಹಾಗೂ ದೂರು ಸಲ್ಲಿಸುವ ವಿಧಾನ

(ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪ್ರದೇಶಗಳ ಸಾರ್ವಜನಿಕರ ಮಾಹಿತಿಗಾಗಿ)

ಮನೆ, ನಿವೇಶನ, ಗೋದಾಮು, ಗಿರಣಿ ಮುಂತಾದ ಸ್ಥಿರಾಸ್ತಿಗಳ ಮೇಲೆ ಬ್ಯಾಂಕ್ ಸಾಲ ಪಡೆಯುವಾಗ, ಪಿತ್ರಾರ್ಜಿತ ಸ್ವತ್ತನ್ನು ಮಾರಿ ಆದಾಯ ತೆರಿಗೆ ವಿವರ ಸಲ್ಲಿಸುವಾಗ, ಅಣ್ಣತಮ್ಮಂದಿರ ನಡುವೆ ಪಾಲುಪಟ್ಟಿ ಆಗುವಾಗ ಅಥವಾ ಸಾಲ ಮರುಪಾವತಿಯಾಗದೆ ಸ್ವತ್ತು ಹರಾಜಿಗೆ ಬಂದಾಗ ಮೌಲ್ಯಮಾಪಕರ ವರದಿ ಅವಶ್ಯವಾಗುತ್ತದೆ. ಸದರಿ ವರದಿಯು ನಾಲ್ಕಾರು ಪುಟಗಳ ಕಾಗದವೇ ಆದರೂ ಅದರಲ್ಲಿ ನಮೂದಾದ ಮೊತ್ತದ ಮೇಲೆ ಒಂದು ಕುಟುಂಬದ ಸಾಲ, ತೆರಿಗೆ ಅಥವಾ ಮನೆಯೇ ನಿಂತಿರುತ್ತದೆ. ಆದ್ದರಿಂದ ಮೌಲ್ಯಮಾಪಕರು ವೃತ್ತಿ ನಿಯಮಗಳನ್ನು ಉಲ್ಲಂಘಿಸಿದಲ್ಲಿ ಅವರ ಮೇಲೆ ಯಾವ ಕ್ರಮ ಸಾಧ್ಯ, ಯಾರಲ್ಲಿ ದೂರು ನೀಡಬೇಕು, ಹಾಗೂ ದೂರಿನಿಂದ ಆಗದ ಕೆಲಸ ಯಾವುದು ಎಂಬ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಪರವಾನಗಿ ಯಾರದು?

ಮೊದಲಿಗೆ ತಿಳಿಯಬೇಕಾದ ಸಂಗತಿಯೆಂದರೆ, ಸ್ಥಿರಾಸ್ತಿ ಮೌಲ್ಯಮಾಪನ ವೃತ್ತಿಗೆಂದು ಕರ್ನಾಟಕ ಸರ್ಕಾರವು ನೀಡುವ ಪ್ರತ್ಯೇಕ ಪರವಾನಗಿ ಇಲ್ಲ. "ಸರ್ಕಾರಿ ಅನುಮೋದಿತ ಮೌಲ್ಯಮಾಪಕರು" ಎಂಬ ಫಲಕವನ್ನು ನೋಡಿ ಅನೇಕರು ತಹಶೀಲ್ದಾರರಿಗೋ ಉಪನೋಂದಣಾಧಿಕಾರಿಗಳಿಗೋ ದೂರು ಬರೆಯುವುದುಂಟು. ಅಂತಹ ದೂರಿನ ಮೇಲೆ ಈ ಅಧಿಕಾರಿಗಳು ಮೌಲ್ಯಮಾಪಕರ ನೋಂದಣಿಯನ್ನು ರದ್ದುಪಡಿಸಲಾರರು. ಅವರು ಕೊಡದ ಅಧಿಕಾರವನ್ನು ಅವರು ಹಿಂಪಡೆಯಲು ಬರುವುದಿಲ್ಲ.

ಸದರಿ ಫಲಕದ ಅರ್ಥ ಸಾಮಾನ್ಯವಾಗಿ 1957ರ ಸಂಪತ್ತು ತೆರಿಗೆ ಅಧಿನಿಯಮದ ಕಲಂ 34ಎಬಿ ಅಡಿಯಲ್ಲಿ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಆಗಿರುವವರು ಎಂಬುದಾಗಿರುತ್ತದೆ. ಸಂಪತ್ತು ತೆರಿಗೆಯ ವಸೂಲಿ 2016-17ನೇ ಕರನಿರ್ಧಾರಣಾ ವರ್ಷದಿಂದ ನಿಂತುಹೋಯಿತು. ಆದರೆ ಮೌಲ್ಯಮಾಪಕರ ನೋಂದಣಿ ಪುಸ್ತಕವು ಆದಾಯ ತೆರಿಗೆಯ ಉದ್ದೇಶಕ್ಕಾಗಿ ಉಳಿದುಕೊಂಡಿತು. ತೆರಿಗೆಯೇ ಇಲ್ಲದ ಕಾಯಿದೆಯ ನೋಂದಣಿ ಹೇಗೆ ಎಂದು ಕೇಳುವವರಿಗೆ ಇದೇ ಉತ್ತರ.

ಎರಡನೆಯದು, 2013ರ ಕಂಪನಿಗಳ ಅಧಿನಿಯಮದ ಕಲಂ 247 ಹಾಗೂ 2017ರ ಅಕ್ಟೋಬರ್ 18ರಂದು ಪ್ರಕಟವಾದ ನೋಂದಾಯಿತ ಮೌಲ್ಯಮಾಪಕರ ನಿಯಮಗಳ ಅಡಿಯ ನೋಂದಣಿ. ಇದಕ್ಕೆ ಪ್ರಾಧಿಕಾರವು ಐ.ಬಿ.ಬಿ.ಐ. ಎಂದು ಕರೆಯಲಾಗುವ ಕೇಂದ್ರದ ದಿವಾಳಿತನ ಮಂಡಳಿ. ಮೌಲ್ಯಮಾಪಕರು ಮೊದಲು ಮಂಡಳಿಯು ಮಾನ್ಯ ಮಾಡಿದ ಯಾವುದಾದರೊಂದು ಮೌಲ್ಯಮಾಪಕರ ಸಂಘಟನೆಯ ಸದಸ್ಯರಾಗಿ, ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಭೂಮಿ ಮತ್ತು ಕಟ್ಟಡ, ಯಂತ್ರ ಸ್ಥಾವರ, ಹಣಕಾಸು ಆಸ್ತಿ ಎಂಬ ಮೂರು ವರ್ಗಗಳಿದ್ದು, ಒಂದು ವರ್ಗದಲ್ಲಿ ನೋಂದಣಿಯಾದವರು ಅದೇ ಬಲದ ಮೇಲೆ ಮತ್ತೊಂದು ವರ್ಗದ ಆಸ್ತಿಗೆ ಈ ನಿಯಮಗಳಡಿ ವರದಿ ನೀಡುವಂತಿಲ್ಲ. ಇವರ ನೋಂದಣಿ ಸಂಖ್ಯೆಯು ಐ.ಬಿ.ಬಿ.ಐ./ಆರ್.ವಿ. ಎಂದು ಆರಂಭವಾಗುತ್ತದೆ. ಹೆಸರು ಮತ್ತು ವರ್ಗವನ್ನು ಮಂಡಳಿಯ ಜಾಲತಾಣದಲ್ಲಿ ಶುಲ್ಕವಿಲ್ಲದೆ ಪರಿಶೀಲಿಸಬಹುದು.

ಮೂರನೆಯದು ಬ್ಯಾಂಕಿನ ಪಟ್ಟಿ. ಹೊಸಪೇಟೆಯಲ್ಲಿ ಗೃಹಸಾಲಕ್ಕೆ ಅರ್ಜಿ ಹಾಕಿದವರ ಮನೆ ನೋಡಲು ಬರುವವರು ಈ ಪಟ್ಟಿಯವರು. ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಪ್ರತಿ ಬ್ಯಾಂಕು ಮೌಲ್ಯಮಾಪಕರನ್ನು ಪಟ್ಟಿಗೆ ಸೇರಿಸುವ ಮತ್ತು ಕೈಬಿಡುವ ಬಗ್ಗೆ ತನ್ನದೇ ನೀತಿಯನ್ನು ಹೊಂದಿರತಕ್ಕದ್ದು. ಒಬ್ಬರೇ ವ್ಯಕ್ತಿ ಈ ಮೂರೂ ಕಡೆ ಇರಬಹುದು. ಆಗ ಮುಖ್ಯವಾಗುವುದು, ತಮ್ಮ ವರದಿಗೆ ಅವರು ಯಾವ ಅಧಿಕಾರದಿಂದ ಸಹಿ ಮಾಡಿದರು ಎಂಬುದು. ಮೊಹರಿನ ಕೆಳಗಿನ ಸಂಖ್ಯೆಯನ್ನು ಓದಿಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಪತ್ರ ಬರಹಗಾರರು ಮತ್ತು ಪರವಾನಗಿ ಭೂಮಾಪಕರು ಮೌಲ್ಯಮಾಪಕರಲ್ಲ. ಅವರ ಪರವಾನಗಿ ಬೇರೆ. ಮೊದಲನೆಯವರ ಬಗ್ಗೆ ನೋಂದಣಿ ಇಲಾಖೆಗೂ ಎರಡನೆಯವರ ಬಗ್ಗೆ ಭೂಮಾಪನ ಇಲಾಖೆಗೂ ದೂರು ನೀಡಬೇಕು. ಹಾಗೆಯೇ ನೋಂದಣಿಗೆ ಅನ್ವಯಿಸುವ ಮಾರ್ಗಸೂಚಿ ಬೆಲೆಯನ್ನು ಖಾಸಗಿ ಮೌಲ್ಯಮಾಪಕರು ನಿಗದಿ ಮಾಡುವುದಿಲ್ಲ. ಅದು 1957ರ ಕರ್ನಾಟಕ ಸ್ಟಾಂಪು ಅಧಿನಿಯಮದ ಕಲಂ 45ಬಿ ಅಡಿಯ ಕೇಂದ್ರ ಮೌಲ್ಯಮಾಪನ ಸಮಿತಿಯ ಕೆಲಸ. ಆ ಬೆಲೆಯ ಬಗೆಗಿನ ತಕರಾರು ಶಿಸ್ತು ಕ್ರಮದ ವಿಷಯವಾಗುವುದಿಲ್ಲ.

ದುರ್ನಡತೆ ಯಾವುದು, ಭಿನ್ನಾಭಿಪ್ರಾಯ ಯಾವುದು?

ಒಂದೇ ಮನೆಗೆ ಇಬ್ಬರು ಮೌಲ್ಯಮಾಪಕರು ಬೇರೆ ಬೇರೆ ಮೊತ್ತ ಬರೆದರು ಎಂಬ ಮಾತ್ರಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲ. ಮೌಲ್ಯಮಾಪನವು ಅಳತೆಯಂತಲ್ಲ, ಅದೊಂದು ಅಭಿಪ್ರಾಯ. ಅಭಿಪ್ರಾಯಕ್ಕೆ ಆಧಾರವಾದ ಕೆಲಸವನ್ನು ಅವರು ಮಾಡಿದ್ದಾರೆಯೇ ಎಂಬುದನ್ನು ಮಾತ್ರ ಶಿಸ್ತು ಪ್ರಾಧಿಕಾರ ನೋಡುತ್ತದೆ. ತಿರಸ್ಕೃತವಾಗುವ ದೂರುಗಳಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ "ಬೆಲೆ ಕಡಿಮೆ ಹಾಕಿದ್ದಾರೆ" ಎಂಬುದು. ಅದರ ಬದಲು "ಸ್ಥಳಕ್ಕೆ ಬರದೆ ಸ್ಥಳ ಪರಿಶೀಲಿಸಿದುದಾಗಿ ಬರೆದಿದ್ದಾರೆ" ಎಂದು ಬರೆದು ಆಧಾರ ಒದಗಿಸಿದಲ್ಲಿ ದೂರಿನ ಸ್ವರೂಪವೇ ಬದಲಾಗುತ್ತದೆ.

2017ರ ನಿಯಮಗಳ ನಿಯಮ 8ರ ಪ್ರಕಾರ ವರದಿಯಲ್ಲಿ ಆಸ್ತಿಯ ಹಿನ್ನೆಲೆ, ಮೌಲ್ಯಮಾಪನದ ಉದ್ದೇಶ, ನೇಮಕದ ದಿನಾಂಕ, ಮೌಲ್ಯ ನಿರ್ಧರಿಸಿದ ದಿನಾಂಕ, ವರದಿಯ ದಿನಾಂಕ, ನಡೆಸಿದ ಪರಿಶೀಲನೆ, ಮಾಹಿತಿಯ ಮೂಲಗಳು, ಅನುಸರಿಸಿದ ವಿಧಾನ, ಮೌಲ್ಯಮಾಪಕರ ಹಿತಾಸಕ್ತಿ ಇದ್ದಲ್ಲಿ ಅದರ ಘೋಷಣೆ ಮುಂತಾದವು ಇರತಕ್ಕದ್ದು. ಬ್ಯಾಂಕಿನ ವರದಿಗಳಿಗೆ ಈ ನಿಯಮ ನೇರವಾಗಿ ಅನ್ವಯಿಸದಿದ್ದರೂ ಒಳ್ಳೆಯ ವರದಿ ಯಾವುದು ಎಂದು ಅಳೆಯಲು ಇದಕ್ಕಿಂತ ಸುಲಭವಾದ ಅಳತೆಗೋಲು ಬೇರೆ ಇಲ್ಲ.

ಈ ಭಾಗದಲ್ಲಿ ಮೌಲ್ಯಮಾಪಕರು ಎಚ್ಚರ ವಹಿಸಬೇಕಾದ ಸಂಗತಿಗಳು ಬೇರೆಡೆಗಿಂತ ಹೆಚ್ಚು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2010ರ ತಿದ್ದುಪಡಿಯ ನಂತರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆಯಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇದರ ಜೊತೆಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ 2002ರ ಅಧಿನಿಯಮವೂ ಅನ್ವಯಿಸುತ್ತದೆ. ಹೊಸ ಕಟ್ಟಡವನ್ನೇ ಕಟ್ಟಲಾಗದ ಜಾಗಕ್ಕೆ ಹೊಸಪೇಟೆಯ ಬಡಾವಣೆಯ ನಿವೇಶನದ ದರ ಹಾಕಿ, ನಿರ್ಬಂಧದ ಬಗ್ಗೆ ಒಂದು ಸಾಲೂ ಬರೆಯದ ವರದಿಯನ್ನು ಕೇವಲ ಅಭಿಪ್ರಾಯವೆಂದು ಒಪ್ಪಲಾಗದು. ಅದು ಅಗತ್ಯ ಪರಿಶೀಲನೆಯ ಲೋಪ. ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡಿಯಲ್ಲಿದ್ದ ರೆಸಾರ್ಟುಗಳು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರಲ್ಲಿ ನೆಲಸಮವಾದುದನ್ನು ಇಲ್ಲಿನವರು ಕಣ್ಣಾರೆ ಕಂಡಿದ್ದಾರೆ. ಅಂತಹ ಜಾಗದಲ್ಲಿ ಗೋಡೆ ಎಷ್ಟು ಗಟ್ಟಿ ಎಂಬುದಕ್ಕಿಂತ ಅನುಮತಿ ಇದೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಸಂಡೂರಿನಲ್ಲಿ ದಿನಾಂಕವೇ ದೊಡ್ಡ ವಿಷಯ. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಸ್ಥಗಿತಗೊಳಿಸಿತು. ನಂತರ ಹಂತ ಹಂತವಾಗಿ ಗಣಿಗಳಿಗೆ ಅನುಮತಿ ದೊರೆಯಿತು. ಗಣಿಯನ್ನೇ ನೆಚ್ಚಿದ್ದ ಬಾಡಿಗೆ ಮನೆ, ಲಾರಿ ನಿಲ್ದಾಣ, ಅದಿರು ದಾಸ್ತಾನಿನ ಜಾಗಗಳ ಬೇಡಿಕೆ ಆ ದಿನಾಂಕದ ಹಿಂದೆ ಮತ್ತು ಮುಂದೆ ಒಂದೇ ಆಗಿರಲಿಲ್ಲ. 2010ರ ಕ್ರಯಪತ್ರಗಳನ್ನು ಹೋಲಿಕೆಗಿಟ್ಟು 2012ರ ಬೆಲೆ ಬರೆದವರು ತಮ್ಮ ಕಾರಣವನ್ನು ವಿವರಿಸಬೇಕಾಗುತ್ತಿತ್ತು. ಇದೇ ತತ್ವ ಇಂದಿಗೂ ಅನ್ವಯಿಸುತ್ತದೆ.

ಕಂಪ್ಲಿಯಲ್ಲಿ ನೋಡಬೇಕಾದುದು ನೀರು ಮತ್ತು ಪಹಣಿ. ಜಮೀನು ತುಂಗಭದ್ರಾ ಕಾಲುವೆಯ ಅಚ್ಚುಕಟ್ಟಿಗೆ ಸೇರಿದೆಯೇ, ಪಹಣಿಯಲ್ಲಿ ತರಿಯೋ ಖುಷ್ಕಿಯೋ, ಭೂ ಪರಿವರ್ತನೆ ಆದೇಶ ಆಗಿದೆಯೇ, 1978ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಭೂಮಿ ಪರಭಾರೆ ನಿಷೇಧ ಕಾಯಿದೆಗೆ ಒಳಪಟ್ಟ ಮಂಜೂರಾತಿ ಜಮೀನೇ ಎಂಬುದನ್ನು ಪರಿಶೀಲಿಸದೆ ಎಕರೆಗೆ ಇಷ್ಟು ಎಂದು ಬರೆಯುವುದು ನಿರ್ಲಕ್ಷ್ಯ.

ಹಿತಾಸಕ್ತಿ ಮುಚ್ಚಿಡುವುದು ಇವೆಲ್ಲಕ್ಕಿಂತ ಗಂಭೀರ. ಕಲಂ 247ರಂತೆ, ತಮಗೆ ನೇರವಾಗಿ ಅಥವಾ ಪರೋಕ್ಷವಾಗಿ ಹಿತಾಸಕ್ತಿಯಿರುವ ಆಸ್ತಿಯ ಮೌಲ್ಯಮಾಪನವನ್ನು ಕೈಗೊಳ್ಳುವಂತಿಲ್ಲ. ನೇಮಕದ ಹಿಂದಿನ 3 ವರ್ಷ ಹಾಗೂ ಮೌಲ್ಯಮಾಪನದ ನಂತರದ 3 ವರ್ಷಗಳಿಗೂ ಈ ನಿರ್ಬಂಧ ಅನ್ವಯಿಸುತ್ತದೆ. ನಿಯಮಗಳಿಗೆ ಲಗತ್ತಾದ ನೀತಿಸಂಹಿತೆಯು ಫಲಿತಾಂಶದ ಮೇಲೆ ನಿಂತ ಶುಲ್ಕವನ್ನೂ ಗ್ರಾಹಕರಿಗೆ ಅನುಕೂಲವಾಗುವಂತೆ ಮೊತ್ತ ಬರೆದುಕೊಡುವುದನ್ನೂ ನಿಷೇಧಿಸುತ್ತದೆ. ಇಲ್ಲಿ ಅರ್ಜಿದಾರರಿಗೂ ಒಂದು ಮಾತು ಹೇಳಬೇಕಿದೆ. ಸಾಲ ಹೆಚ್ಚು ಸಿಗಲೆಂದು "ಸ್ವಲ್ಪ ಏರಿಸಿ ಬರೆಯಿರಿ" ಎಂದು ತಾವೇ ಕೋರಿದ್ದಲ್ಲಿ, ಮುಂದೆ ಅದೇ ವರದಿಯ ಮೇಲೆ ದೂರು ನೀಡುವಾಗ ಆ ಮಾತು ತಮ್ಮ ವಿರುದ್ಧವೇ ನಿಲ್ಲುತ್ತದೆ.

ದಂಡನೆಗಳು

ಮೌಲ್ಯಮಾಪಕರ ಸಂಘಟನೆಯ ಶಿಸ್ತು ಸಮಿತಿಯು ಸದಸ್ಯರಿಗೆ ಛೀಮಾರಿ ಹಾಕಬಹುದು, ಹಣದ ದಂಡ ವಿಧಿಸಬಹುದು, ನಿರ್ದಿಷ್ಟ ಅವಧಿಗೆ ಸದಸ್ಯತ್ವವನ್ನು ಅಮಾನತಿನಲ್ಲಿಡಬಹುದು ಅಥವಾ ಸದಸ್ಯರನ್ನು ಉಚ್ಚಾಟಿಸಬಹುದು. ವಿಷಯವನ್ನು ಮಂಡಳಿಗೂ ಕಳುಹಿಸಬಹುದು. ಸಂಘಟನೆಯ ಸದಸ್ಯತ್ವವೇ ನೋಂದಣಿಗೆ ಆಧಾರವಾದುದರಿಂದ ಉಚ್ಚಾಟನೆಯು ಚಿಕ್ಕ ಶಿಕ್ಷೆಯಲ್ಲ.

ಮಂಡಳಿಯ ಮುಂದಿನ ಕ್ರಮವು ನಿಯಮ 15ರಿಂದ 17ರಲ್ಲಿದೆ. ದೂರಿನ ಮೇಲೆ, ತಪಾಸಣೆಯಿಂದ ಅಥವಾ ಬೇರೆ ರೀತಿಯಲ್ಲಿ ಸಾಕಷ್ಟು ಕಾರಣ ಕಂಡುಬಂದಲ್ಲಿ ಅಧಿಕೃತ ಅಧಿಕಾರಿಯು ಕಾರಣ ಕೇಳಿ ನೋಟೀಸು ನೀಡುತ್ತಾರೆ. ಆರೋಪದ ವಿವರ, ಸಾಕ್ಷ್ಯ, ಉಲ್ಲಂಘನೆಯಾದ ನಿಯಮ, ಉದ್ದೇಶಿತ ಕ್ರಮ ಇವು ನೋಟೀಸಿನಲ್ಲಿರತಕ್ಕದ್ದು. ಉತ್ತರವನ್ನು ಪರಿಶೀಲಿಸಿದ ನಂತರ ಕಾರಣಸಹಿತ ಆದೇಶ ಹೊರಡುತ್ತದೆ. ಕ್ರಮವಿಲ್ಲ, ಎಚ್ಚರಿಕೆ, ನೋಂದಣಿಯ ಅಮಾನತು, ನೋಂದಣಿ ರದ್ದು ಇವುಗಳಲ್ಲಿ ಯಾವುದಾದರೂ ಆಗಬಹುದು. ಆದೇಶದಲ್ಲಿ ಕಾರಣ ನೀಡಿ ಬೇರೆ ರೀತಿ ಹೇಳದಿದ್ದಲ್ಲಿ ಅದು 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಆದ್ದರಿಂದ ಆದೇಶದ ಮರುದಿನವೇ ಸದರಿ ಮೌಲ್ಯಮಾಪಕರು ಕೆಲಸ ಮಾಡುತ್ತಿರುವುದನ್ನು ಕಂಡು ಆದೇಶ ಉಲ್ಲಂಘನೆಯಾಗಿದೆ ಎಂದು ತಿಳಿಯಬಾರದು.

ಇದಲ್ಲದೆ ಕಲಂ 247ರ ಉಪ ಕಲಂ 3ರಂತೆ ಉಲ್ಲಂಘನೆಗೆ 50,000 ರೂಪಾಯಿ ದಂಡವಿದೆ. 2020ರ ತಿದ್ದುಪಡಿಗೆ ಮೊದಲು ಇದು 25,000ದಿಂದ 1 ಲಕ್ಷ ರೂಪಾಯಿವರೆಗಿನ ಜುಲ್ಮಾನೆಯಾಗಿತ್ತು. ಕಂಪನಿಯನ್ನು ಅಥವಾ ಅದರ ಸದಸ್ಯರನ್ನು ವಂಚಿಸುವ ಉದ್ದೇಶ ರುಜುವಾತಾದಲ್ಲಿ 1 ವರ್ಷದವರೆಗೆ ಕಾರಾಗೃಹ ವಾಸ ಹಾಗೂ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ಜುಲ್ಮಾನೆ. ಅಪರಾಧಿಯೆಂದು ತೀರ್ಮಾನವಾದವರು ಪಡೆದ ಶುಲ್ಕವನ್ನು ಕಂಪನಿಗೆ ಹಿಂದಿರುಗಿಸಿ, ತಪ್ಪು ಹೇಳಿಕೆಯಿಂದಾದ ನಷ್ಟವನ್ನೂ ತುಂಬಿಕೊಡಬೇಕಾಗುತ್ತದೆ. ಇವೆಲ್ಲ ಕಂಪನಿ ಕಾಯಿದೆ ಮತ್ತು ದಿವಾಳಿತನ ಸಂಹಿತೆಯ ವ್ಯಾಪ್ತಿಯ ಮೌಲ್ಯಮಾಪನಕ್ಕೆ ಸಂಬಂಧಿಸಿದವು. ಮನೆ ಸಾಲದ ವರದಿಗೆ ಇದೇ ಕಲಂ ಉಲ್ಲೇಖಿಸಿ ಅರ್ಜಿ ಬರೆದಲ್ಲಿ ವ್ಯಾಪ್ತಿಯ ಕಾರಣದಿಂದಲೇ ಅದು ಹಿಂದಿರುಗಬಹುದು.

ಆದಾಯ ತೆರಿಗೆ ಸಂಬಂಧದ ವರದಿಗಳಲ್ಲಿ, ಸಂಪತ್ತು ತೆರಿಗೆ ಅಧಿನಿಯಮದ ಕಲಂ 34ಎಡಿ ಪ್ರಕಾರ ವೃತ್ತಿಯಲ್ಲಿ ದುರ್ನಡತೆ ತೋರಿದವರ ಅಥವಾ ಅಪರಾಧಕ್ಕಾಗಿ ಕಾರಾಗೃಹ ಶಿಕ್ಷೆಗೊಳಗಾದವರ ಹೆಸರನ್ನು, ಅವರಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಿದ ನಂತರ, ನೋಂದಣಿ ಪುಸ್ತಕದಿಂದ ತೆಗೆದುಹಾಕಬಹುದೆಂದು ವಿಧಿಸಲಾಯಿತು. 2017ರಲ್ಲಿ 1961ರ ಆದಾಯ ತೆರಿಗೆ ಅಧಿನಿಯಮಕ್ಕೆ ಸೇರಿಸಿದ ಕಲಂ 271ಜೆ, ತಪ್ಪು ಮಾಹಿತಿಯ ಪ್ರತಿ ವರದಿಗೆ 10,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. 2025ರ ಹೊಸ ಆದಾಯ ತೆರಿಗೆ ಅಧಿನಿಯಮಕ್ಕೆ 2026ರ ಏಪ್ರಿಲ್ 1 ಜಾರಿಯ ದಿನಾಂಕವಾದುದರಿಂದ, ನಂತರದ ವರದಿಗಳಿಗೆ ಕಲಂ ಸಂಖ್ಯೆಯನ್ನು ಹೊಸ ಅಧಿನಿಯಮದಲ್ಲಿ ನೋಡಿಕೊಳ್ಳತಕ್ಕದ್ದು. ಹಳೆಯ ಮನೆ ಮಾರಿದವರು 2001ರ ಏಪ್ರಿಲ್ 1ರ ಬೆಲೆಗೆ ವರದಿ ಪಡೆಯುವುದು ವಾಡಿಕೆ. 2020ರ ತಿದ್ದುಪಡಿಯಂತೆ ಆ ಬೆಲೆಯು ಅಂದಿನ ಸ್ಟಾಂಪು ಶುಲ್ಕದ ಮೌಲ್ಯವನ್ನು ಮೀರುವಂತಿಲ್ಲವಾಗಿ, ಏರಿಸಿ ಬರೆಸಿದ ವರದಿಯಿಂದ ಲಾಭವಿಲ್ಲ.

ಬ್ಯಾಂಕು ಕೈಗೊಳ್ಳುವ ಕ್ರಮವೆಂದರೆ ವಿವರಣೆ ಕೇಳುವುದು ಮತ್ತು ಪಟ್ಟಿಯಿಂದ ಕೈಬಿಡುವುದು. ವಂಚನೆಯಲ್ಲಿ ಪಾತ್ರವಿರುವ ಮೌಲ್ಯಮಾಪಕರು, ವಕೀಲರು ಮುಂತಾದ ಹೊರಗಿನವರ ವಿವರಗಳನ್ನು ಬ್ಯಾಂಕುಗಳ ಸಂಘಕ್ಕೆ ತಿಳಿಸಿ, ಇತರ ಬ್ಯಾಂಕುಗಳನ್ನು ಎಚ್ಚರಿಸುವ ವ್ಯವಸ್ಥೆಯನ್ನು 2009ರಲ್ಲಿ ರಿಸರ್ವ್ ಬ್ಯಾಂಕು ರೂಪಿಸಿತು. ಒಂದು ಊರಿನ ವೃತ್ತಿಗೆ ಇದು 50,000 ರೂಪಾಯಿ ದಂಡಕ್ಕಿಂತ ಹೆಚ್ಚು ಬಿಸಿ ಮುಟ್ಟಿಸಬಲ್ಲದು.

ಸರ್ಕಾರಿ ಎಂಜಿನಿಯರರು ಅಥವಾ ಕಂದಾಯ ಸಿಬ್ಬಂದಿ ಕರ್ತವ್ಯದ ಭಾಗವಾಗಿ ನೀಡಿದ ಮೌಲ್ಯದ ವರದಿಗೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಅವರ ಮೇಲಿನ ಕ್ರಮ 1957ರ ಕರ್ನಾಟಕ ನಾಗರಿಕ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಂತೆ ನಡೆಯುತ್ತದೆ. ದೂರು ಇಲಾಖೆಯ ಮೇಲಧಿಕಾರಿಗೆ ಅಥವಾ ಲೋಕಾಯುಕ್ತಕ್ಕೆ ಸಲ್ಲಬೇಕು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೂ ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಗೂ ಸೇರಿರುವುದನ್ನು ವಿಳಾಸ ಬರೆಯುವಾಗ ಗಮನಿಸುವುದು. ಹಳೆಯ ವಿಳಾಸಕ್ಕೆ ಹೋದ ಅರ್ಜಿ ವರ್ಗಾವಣೆಯಲ್ಲೇ ದಿನ ಕಳೆಯುತ್ತದೆ.

ಇಡೀ ವೃತ್ತಿಯನ್ನು ಒಂದೇ ಕಾಯಿದೆಯಡಿ ತರುವಂತೆ ಕೇಂದ್ರ ಸರ್ಕಾರದ ತಜ್ಞರ ಸಮಿತಿಯೊಂದು 2020ರಲ್ಲಿ ಕರಡು ವಿಧೇಯಕ ಸಹಿತ ಶಿಫಾರಸು ಮಾಡಿತು. ಅದು ಜಾರಿಗೆ ಬಂದಿದ್ದಲ್ಲಿ ಈ ಪುಟವನ್ನು ಇಷ್ಟು ಉದ್ದ ಬರೆಯಬೇಕಾಗುತ್ತಿರಲಿಲ್ಲ.

ದೂರು ಸಲ್ಲಿಸುವ ವಿಧಾನ

ಐ.ಬಿ.ಬಿ.ಐ. ಮಂಡಳಿಗೆ ನಿಯಮ 16ರಂತೆ ಖುದ್ದಾಗಿ, ಅಂಚೆ ಅಥವಾ ಕೊರಿಯರ್ ಮೂಲಕ ದೂರು ನೀಡಬಹುದು. ಜೊತೆಗೆ 1,000 ರೂಪಾಯಿ ಶುಲ್ಕ, ಇದು ಹಿಂದಿರುಗುವುದಿಲ್ಲ. ಬ್ಯಾಂಕಿನ ಪಟ್ಟಿಯ ಮೌಲ್ಯಮಾಪಕರಾದಲ್ಲಿ ಮೊದಲು ಶಾಖೆಗೂ ಅದರ ವಲಯ ಕಚೇರಿಗೂ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಅಲ್ಲಿ ಪರಿಶೀಲಿಸುವುದು ಬ್ಯಾಂಕಿನ ಸೇವಾ ನ್ಯೂನತೆಯನ್ನೇ ಹೊರತು ಮೌಲ್ಯಮಾಪಕರ ನಡತೆಯನ್ನಲ್ಲ.

ದೂರಿನೊಂದಿಗೆ ವರದಿಯ ಪೂರ್ಣ ಪ್ರತಿ, ಶುಲ್ಕ ಪಾವತಿಸಿದ ರಸೀದಿ, ಪಹಣಿ ಅಥವಾ ಖಾತಾ ಪ್ರತಿ, ಋಣಭಾರ ಪ್ರಮಾಣಪತ್ರ, ಚೆಕ್ಕುಬಂದಿ ತೋರಿಸುವ ನಕ್ಷೆ, ವರದಿಯ ದಿನಾಂಕಕ್ಕೆ ಹತ್ತಿರದ ಅಕ್ಕಪಕ್ಕದ ಕ್ರಯಪತ್ರಗಳ ಪ್ರತಿ ಇವುಗಳನ್ನು ಲಗತ್ತಿಸುವುದು ಸೂಕ್ತ. ಸರ್ವೆ ನಂಬರು ತಪ್ಪಾಗಿದ್ದರೆ, ಇಲ್ಲದ ಮಹಡಿಯನ್ನು ಎಣಿಸಿದ್ದರೆ, ಪಕ್ಕದ ಮನೆಯ ಛಾಯಾಚಿತ್ರ ಅಂಟಿಸಿದ್ದರೆ ಪುಟ ಸಂಖ್ಯೆ ಸಹಿತ ಬರೆಯಿರಿ. ಅಂತಹ ಒಂದು ಸಾಲು ಹತ್ತು ಪುಟಗಳ ಆಕ್ರೋಶಕ್ಕಿಂತ ಬೇಗ ಕೆಲಸ ಮಾಡುತ್ತದೆ. ಬ್ಯಾಂಕು ವರದಿಯ ಪ್ರತಿ ಕೊಡದಿದ್ದಲ್ಲಿ, ಕೋರಿಕೆ ಪತ್ರ ಮತ್ತು ಅದರ ಸ್ವೀಕೃತಿಯನ್ನೇ ಲಗತ್ತಿಸಬಹುದು.

ಸುಳ್ಳು ದಾಖಲೆ ಸೃಷ್ಟಿ ಅಥವಾ ವಂಚನೆ ಎಂಬುದಕ್ಕೆ ಆಧಾರವಿದ್ದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಬಹುದು. 2024ರ ಜುಲೈ 1ರ ನಂತರದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಬ್ಯಾಂಕೊಂದರ ಪಟ್ಟಿಯಲ್ಲಿದ್ದ ವಕೀಲರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ಅಭಿಪ್ರಾಯ ತಪ್ಪಾಯಿತು ಎಂಬ ಮಾತ್ರಕ್ಕೆ ಕ್ರಿಮಿನಲ್ ಹೊಣೆ ಬಾರದು, ಸಂಚಿನಲ್ಲಿ ಪಾಲ್ಗೊಂಡ ಆಧಾರ ಬೇಕು ಎಂದು ಹೇಳಿದೆ. ಮೌಲ್ಯಮಾಪಕರ ವಿಷಯದಲ್ಲಿಯೂ ಇದೇ ವಾದ ಎದುರಾಗುವುದನ್ನು ನಿರೀಕ್ಷಿಸಬಹುದು.

ಶಿಸ್ತು ದೂರಿನಿಂದ ಆಗದ ಕೆಲಸ

ಮೌಲ್ಯಮಾಪಕರಿಗೆ ಶಿಕ್ಷೆಯಾದರೂ ಅವರು ಬರೆದ ಮೊತ್ತ ತಾನಾಗಿ ತಿದ್ದಿಹೋಗುವುದಿಲ್ಲ, ಹರಾಜು ತಾನಾಗಿ ನಿಲ್ಲುವುದಿಲ್ಲ. ಉದಾಹರಣೆಗೆ, ಕಂಪ್ಲಿಯ ಒಬ್ಬರು ಅಕ್ಕಿ ಗಿರಣಿಯನ್ನು ಅಡಮಾನವಿಟ್ಟು ಸಾಲ ಪಡೆದು ಕಂತು ಕಟ್ಟಲಾಗದೆ ಹೋದರೆಂದು ಭಾವಿಸೋಣ. 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು 60 ದಿನಗಳ ನೋಟೀಸು ನೀಡಿ, ಸ್ವಾಧೀನ ಪಡೆದು, ಅನುಮೋದಿತ ಮೌಲ್ಯಮಾಪಕರಿಂದ ವರದಿ ತರಿಸಿ, ಮೀಸಲು ಬೆಲೆ ನಿಗದಿಪಡಿಸುತ್ತದೆ. ಯಂತ್ರಗಳನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಇಳಿಸಿದ್ದಾರೆಂದು ಅವರು ಮೌಲ್ಯಮಾಪಕರ ಮೇಲೆ ದೂರು ಬರೆದು ಉತ್ತರಕ್ಕಾಗಿ ಕಾದರೆ, ಕಲಂ 17ರಂತೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಲು ಇರುವ 45 ದಿನಗಳು ಅಷ್ಟರಲ್ಲಿ ಕಳೆದುಹೋಗುತ್ತವೆ. ಶಿಸ್ತು ದೂರು ಬಾಕಿ ಇದೆ ಎಂಬ ಕಾರಣಕ್ಕೆ ಈ ಗಡುವು ನಿಲ್ಲುವುದಿಲ್ಲ. ಹರಾಜನ್ನು ತಡೆಯುವ, ಮರು ಮೌಲ್ಯಮಾಪನಕ್ಕೆ ಆದೇಶಿಸುವ ಅಧಿಕಾರ ಇರುವುದು ನ್ಯಾಯಾಧಿಕರಣಕ್ಕೆ. ಅಲ್ಲಿಗೆ ತಮ್ಮದೇ ವೆಚ್ಚದಲ್ಲಿ ಮತ್ತೊಬ್ಬ ನೋಂದಾಯಿತ ಮೌಲ್ಯಮಾಪಕರ ವರದಿಯನ್ನು ಒಯ್ಯುವುದು ಉಪಯುಕ್ತ. ಎರಡೂ ಅರ್ಜಿಗಳನ್ನು ಏಕಕಾಲದಲ್ಲಿ ಸಲ್ಲಿಸಲು ಅಡ್ಡಿಯಿಲ್ಲ. ಆದರೆ ಮೊದಲು ಹೋಗಬೇಕಾದುದು ನ್ಯಾಯಾಧಿಕರಣಕ್ಕೆ.

ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಕಾಯಿದೆ ಅನ್ವಯಿಸುವುದಿಲ್ಲವೆಂದು ಅದರ ಕಲಂ 31 ಹೇಳುತ್ತದೆ. ಪರಿವರ್ತನೆಯಾಗದೆ ಬೇಸಾಯದಲ್ಲಿರುವ ಗದ್ದೆಯನ್ನು ವರದಿಯಲ್ಲಿ ನಿವೇಶನವೆಂದು ತೋರಿಸಿದ್ದಲ್ಲಿ ಅದು ಬೆಲೆಯ ತಕರಾರಿಗಿಂತ ದೊಡ್ಡ ವಿಷಯ. ಪಹಣಿಯೊಂದಿಗೆ ಅದನ್ನೇ ಮೊದಲ ಆಕ್ಷೇಪಣೆಯಾಗಿ ಎತ್ತಬೇಕು.

ತಾವೇ ಶುಲ್ಕ ಕೊಟ್ಟು ಪಡೆದ ವರದಿಯಲ್ಲಿ ನಿರ್ಲಕ್ಷ್ಯದಿಂದ ನಷ್ಟವಾಗಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಪರಿಹಾರ ಕೋರಬಹುದು. ಅವಧಿ, ದಾವೆಯ ಕಾರಣ ಉಂಟಾದ ದಿನದಿಂದ 2 ವರ್ಷ.

ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಉಚಿತ ಸಹಾಯವಾಣಿ ಸಂಖ್ಯೆ 15100. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ಮಿತಿಯಿಲ್ಲದೆ ಈ ನೆರವು ದೊರೆಯುತ್ತದೆ. ಹೋಗುವಾಗ ಬ್ಯಾಂಕಿನ ನೋಟೀಸನ್ನು, ಅದು ಕೈಸೇರಿದ ದಿನಾಂಕವಿರುವ ಲಕೋಟೆ ಸಹಿತ, ತೆಗೆದುಕೊಂಡು ಹೋಗುವುದು.